ಕಡಲಜ್ಜಿಯ ಕಿವಿಗೆ ಒಂದು ಮಾತು

“ಗಂಜಿಗೆ ಉಪ್ಪು ಹಾಕಿಲ್ಲ. ನೀವೇ ಹಾಕ್ಕೊಳ್ಳಿ.”

ಹೊನ್ನಿ ತನ್ನ ಗಂಡ ಜಟ್ಟುವಿಗೆ ಹೇಳಿದ ಕೊನೆಯ ಮಾತು ಇದು. ಹೇಳಿ ಗೋಡೆಗೆ ಒರಗಿದಳು. ಮತ್ತೆ ಏಳಲಿಲ್ಲ.

ಇದು ನಡೆದದ್ದು ಹಿಂದೆ, ಅಜ್ಜನ ಅಜ್ಜನಿಗೂ ಹಿಂದೆ, ತಿಮಿಂಗಿಲಗಳಿಗೆ ಮನುಷ್ಯರ ಮಾತು ಬರುತ್ತಿದ್ದ ಕಾಲದಲ್ಲಿ. ಅಳಿವೆಪುರ ಎಂಬ ರಾಜ್ಯ. ಮುಂದೆ ಕಡಲು, ಹಿಂದೆ ಗುಡ್ಡ, ನಡುವೆ ಒಂದು ಹೊಳೆ. ರಾಜನ ಅರಮನೆಯೂ ಮರಳಿನ ಮೇಲೆಯೇ ಇತ್ತು. ಜಟ್ಟು ಆ ಊರಿನಲ್ಲಿ ದೋಣಿ ನಡೆಸಿ ಮೀನು ಹಿಡಿಯುವವನು, ಹೊನ್ನಿ ಅದನ್ನು ಪೇಟೆಯಲ್ಲಿ ಮಾರುವವಳು. ಜಟ್ಟು ಓದಿಲ್ಲ, ಬರೆದಿಲ್ಲ. ಮಾತು ಕಡಿಮೆ.

ಆ ರಾಜ್ಯದಲ್ಲಿ ಒಂದು ಕಟ್ಟಳೆ ಇತ್ತು. ಯಾರಾದರೂ ತೀರಿಕೊಂಡರೆ ಮನೆಯವರು ದೋಣಿ ಏರಿ ಕಡಲಿಗೆ ಹೋಗಬೇಕು. ತಿಮಿಂಗಿಲ ಸಿಕ್ಕಿದ ಕಡೆ ನಿಲ್ಲಬೇಕು. ಸತ್ತವರು ಕೊನೆಗೆ ಹೇಳಿದ ಮಾತನ್ನು ಅದರ ಕಿವಿಗೆ ಹೇಳಬೇಕು. ಕಡಲಿನ ತಳದಲ್ಲಿ ಹಿರಿಯರ ಬಾಗಿಲು ಇದೆ. ಬಾಗಿಲು ಕಾಯುವವನು ಬಂದವರನ್ನು ಕೇಳುತ್ತಾನೆ, “ಕೊನೆಗೆ ಏನು ಹೇಳಿ ಬಂದೆ?” ಸತ್ತವರಿಗೆ ಸ್ವರ ಇಲ್ಲ. ಅವರ ಪರವಾಗಿ ತಿಮಿಂಗಿಲ ಹೇಳುತ್ತದೆ. ಗಾಳಿಯನ್ನೂ ಉಸಿರಾಡಿ ತಳಕ್ಕೂ ಹೋಗಿ ಬರುವುದು ಅದೊಂದೇ. ಮಾತು ಮುಟ್ಟಿತು ಎಂದರೆ ಬಾಗಿಲು ತೆರೆಯಿತು.

ಮಾತು ಮುಟ್ಟುವ ತನಕ ಸತ್ತವರು ದಡದಲ್ಲಿ ನಿಂತಿರುತ್ತಾರೆ. ಅಲೆ ಬಂದು ಹೋಗುವ ಗೆರೆಯಲ್ಲಿ, ಊರಿಗೆ ಬೆನ್ನು ಹಾಕಿ. ಕರೆದರೆ ತಿರುಗುವುದಿಲ್ಲ. ಮುಖ ನೋಡಬೇಕು ಎಂದು ನೀರಿಗಿಳಿದು ಎದುರಿಗೆ ಹೋದರೆ ಅಲ್ಲಿಂದಲೂ ಬೆನ್ನೇ ಕಾಣುತ್ತದೆ.

ಹಿಂದೆಲ್ಲ ಅವರು ಅಲ್ಲಿ ನಿಲ್ಲುತ್ತಿದ್ದದ್ದು ಸ್ವಲ್ಪ ಹೊತ್ತು. ಈಗ ಹಾಗಲ್ಲ. ಹೋದ ವರ್ಷದಿಂದ ಒಬ್ಬರೂ ಹೋಗಿಲ್ಲ. ಸಾಲು ಬೆಳೆದು ಹೊಳೆಯ ಬಾಯಿಯವರೆಗೆ ಬಂದಿದೆ. ಹೋದ ಮಳೆಗಾಲದ ಅಲೆ ಅವರನ್ನು ಉಪ್ಪಿನ ಗೊಂಬೆಯ ಹಾಗೆ ಕರಗಿಸಿತು. ಕೆಲವರು ಮೊಣಕಾಲಿನವರೆಗೆ ಇಲ್ಲ. ಕೆಲವರು ಸೊಂಟದವರೆಗೆ ಇಲ್ಲ. ಇನ್ನೊಂದು ಮಳೆಗಾಲ ಬಂದರೆ ಯಾರೂ ಉಳಿಯುವುದಿಲ್ಲ. ಬಾಗಿಲೂ ಇಲ್ಲ, ಹಿರಿಯರೂ ಇಲ್ಲ, ಬರೀ ನೊರೆ.

ಹೊನ್ನಿಯೂ ಆ ಸಾಲಿನಲ್ಲಿ ನಿಂತಿದ್ದಳು. ಜಟ್ಟು ದಿನಾ ಹೋಗಿ ಅವಳ ಹಿಂದೆ ಕೂರುತ್ತಿದ್ದ. ಅವಳ ಹಿಮ್ಮಡಿ ಆಗಲೇ ಕರಗಿತ್ತು.

ಬಡಗಣ ಗಾಳಿ ನಿಂತಿತು. ಪಡುವಣದಲ್ಲಿ ಮುಂಗಾರಿನ ಮೊದಲ ಮೋಡ ಕಂಡಿತು. ಜಟ್ಟು ಎದ್ದು ದೋಣಿಯನ್ನು ನೀರಿಗೆ ತಳ್ಳತೊಡಗಿದ.

ನೆರೆಮನೆಯ ಮಂಕಾಳಿ ಓಡಿ ಬಂದ.

“ಎಂತ ಜಟ್ಟಣ್ಣ, ತಲೆ ಸಮ ಉಂಟಾ? ತಿಮಿಂಗಿಲಗಳಿಗೆ ಹುಚ್ಚು ಹಿಡಿದಿದೆ. ಕಂಡ ದೋಣಿ ಒಡೀತಾವೆ.”

“ಹೋಗ್ಬೇಕು.”

“ಮಾತಾದರೂ ಒಳ್ಳೆಯದು ತಗೊಂಡ್ಯಾ?”

“ಇರುವುದನ್ನೇ ತಗೊಂಡಿದ್ದೇನೆ. ಗಂಜಿಗೆ ಉಪ್ಪು ಹಾಕಿಲ್ಲ, ನೀವೇ ಹಾಕ್ಕೊಳ್ಳಿ.”

ಮಂಕಾಳಿ ನಕ್ಕ. “ಉಪ್ಪಿನ ಮಾತು ಹೊತ್ತುಕೊಂಡು ಕಡಲಿಗೆ ಹೋಗ್ತೀಯಾ? ಕಡಲಿಗೇನು ಉಪ್ಪಿಗೆ ಬರವಾ ಮಾರಾಯ? ಕವಡೆರಾಯನ ಹತ್ತಿರ ಕೊಟ್ಟು ಬದಲಿಸಿಕೊಳ್ಳಬಾರದಿತ್ತಾ?”

ಕವಡೆರಾಯ ಯಾರು ಎಂದು ಹೇಳಬೇಕು. ಅವನೊಬ್ಬ ಮಾಂತ್ರಿಕ. ಕವಡೆಯಿಂದ ಕಟ್ಟಿದ ಬಿಳಿ ಹಡಗಿನಲ್ಲಿ ಹೋದ ವರ್ಷ ಬಂದ. ಸತ್ತವರ ಮನೆಗೆ ಹೋಗಿ ಕೇಳುತ್ತಿದ್ದ, “ಕೊನೆಗೆ ಏನಂದರು?” ಮನೆಯವರು ಹೇಳಿದರೆ ಮೂಗು ಮುರಿಯುತ್ತಿದ್ದ. “ಇಷ್ಟೇನಾ? ಹಿರಿಯರ ಮುಂದೆ ಇಂಥ ಮಾತು ಕಳಿಸ್ತೀರಾ? ನಾಚಿಕೆ ಆಗುವುದಿಲ್ವಾ?” ಅವರಿಗೆ ನಾಚಿಕೆ ಆಗುತ್ತಿತ್ತು. ಆಗ ಅವನು ಖಾಲಿ ಕವಡೆ ಮುಂದೆ ಹಿಡಿಯುತ್ತಿದ್ದ. ನಿಜವಾದ ಮಾತನ್ನು ಅದರೊಳಗೆ ಹೇಳಿಬಿಡಬೇಕು. ಹೇಳಿದ ಕೂಡಲೇ ಅದು ಮರೆತುಹೋಗುತ್ತದೆ. ಬದಲಿಗೆ ಅವನು ಒಂದು ಚೆಂದದ ಮಾತು ಕೊಡುತ್ತಾನೆ. ಬೇರೆ ಏನೂ ಕೇಳುವುದಿಲ್ಲ. ಊರಿಗೆ ಊರೇ ಹೀಗೆ ಬದಲಿಸಿಕೊಂಡಿತ್ತು.

ಜಟ್ಟುವಿನ ಮನೆಗೂ ಅವನು ಬಂದಿದ್ದ. ಜಟ್ಟು ಹೇಳಿದ್ದ, “ನನಗೆ ಬೇರೆ ಮಾತು ಬಾಯಿಪಾಠ ಆಗುವುದಿಲ್ಲ. ನೀನು ಹೋಗು.”

ಮಂಕಾಳಿ ಎದೆ ಉಬ್ಬಿಸಿದ. “ನನ್ನ ಅಪ್ಪನ ಮಾತು ಕೇಳು. ‘ಮಗನೇ, ಸತ್ಯವಂತನಾಗಿ ಬಾಳು, ಕುಲಕ್ಕೆ ಕೀರ್ತಿ ತಾ.’ ಹೇಗುಂಟು?”

“ನಿನ್ನ ಅಪ್ಪ ಹಾಗೆ ಹೇಳಿದ್ನಾ?”

ಮಂಕಾಳಿ ತಲೆ ತುರಿಸಿಕೊಂಡ. “ಈಗ ನನಗೆ ಹಾಗೇ ನೆನಪು.”

ಸಾಲಿನ ಮೊದಲಲ್ಲಿ ರಾಜ ಕೂತಿದ್ದ, ತನ್ನ ತಾಯಿಯ ಬೆನ್ನಿನ ಹಿಂದೆ. ಮೇಲೆ ಕೊಡೆ. ಅವನೂ ಗದ್ದಲ ಕೇಳಿ ಬಂದ.

“ಜಟ್ಟು, ‘ಪ್ರಜೆಗಳನ್ನು ಮಕ್ಕಳಂತೆ ಪಾಲಿಸು’ ಎಂದು ನನ್ನ ತಾಯಿ ಹೇಳಿದ ಮಾತನ್ನು ನಾನೇ ಒಯ್ದು ಕೊಟ್ಟೆ. ಅಂಥ ಮಾತೇ ತಳ ಮುಟ್ಟಲಿಲ್ಲ. ನಿನ್ನ ಗಂಜಿಯ ಮಾತು ಮುಟ್ಟುತ್ತದೆಯೇ?”

“ಗೊತ್ತಿಲ್ಲ ಒಡೆಯಾ. ಹೋಗಿ ನೋಡ್ತೇನೆ.”

ಮಂಕಾಳಿ ಮನೆಗೆ ಓಡಿ ಒಂದು ತಾಮ್ರದ ಬೋಗುಣಿ ತಂದು ದೋಣಿಯೊಳಗೆ ಎಸೆದ. “ತಿಮಿಂಗಿಲ ಹತ್ತಿರ ಬಂದರೆ ಇದನ್ನು ಬಡಿ. ಸದ್ದಿಗೆ ಓಡ್ತದೆ. ಈಗ ಎಲ್ಲರೂ ಹಾಗೇ ಮಾಡುವುದು.”

ಜಟ್ಟು ಹಾಯಿ ಬಿಚ್ಚಿದ. ದೋಣಿ ಹೊರಟಿತು.

ದಡ ಕಾಣದ ಕಡೆಗೆ ಬಂದ ಮೇಲೆ ಮೊದಲ ತಿಮಿಂಗಿಲ ಸಿಕ್ಕಿತು. ಹರೆಯದ್ದು. ಅದು ನೀರಿನ ಮೇಲೆ ಹೊರಳುತ್ತಿತ್ತು, ಮುಳುಗಲು ನೋಡುತ್ತಿತ್ತು, ಮುಳುಗಲು ಆಗುತ್ತಿರಲಿಲ್ಲ. ತಲೆ ಒಳಗೆ ಹಾಕಿದರೆ ಬಾಲ ಮೇಲೆ, ಬಾಲ ಒಳಗೆ ಹಾಕಿದರೆ ಹೊಟ್ಟೆ ಮೇಲೆ. ದೋಣಿ ಕಂಡಿತು. ನೇರ ನುಗ್ಗಿ ಬಂತು.

ಜಟ್ಟುವಿನ ಕೈ ಬೋಗುಣಿಯ ಮೇಲೆ ಹೋಯಿತು. ಎತ್ತಿದ. ಬಡಿಯಲು ಹೊರಟವನು ಅದರ ಬೆನ್ನು ನೋಡಿದ. ಬಿಸಿಲಿಗೆ ಬೆನ್ನು ಬೇಸಿಗೆಯ ಗದ್ದೆಯ ಹಾಗೆ ಬಿರುಕು ಬಿಟ್ಟಿತ್ತು. ಬಿರುಕಿನಲ್ಲಿ ಹಕ್ಕಿಗಳು ಕುಕ್ಕುತ್ತಿದ್ದವು.

ಅವನು ಬಡಿಯಲಿಲ್ಲ. ಹಾಯಿ ಇಳಿಸಿದ. ಕೂತ.

ತಿಮಿಂಗಿಲ ದೋಣಿಯ ಅಡಿಗೆ ಬಂತು. ದೋಣಿ ಮೇಲಕ್ಕೆ ಎದ್ದಿತು, ನೀರು ಬಿಟ್ಟು ಎದ್ದಿತು. ಜಟ್ಟು ಹಲ್ಲು ಕಚ್ಚಿ ಕೂತ. ಸ್ವಲ್ಪ ಹೊತ್ತು ದೋಣಿ ಹಾಗೇ ಅದರ ಬೆನ್ನಿನ ಮೇಲೆ ಇತ್ತು. ಆಮೇಲೆ ಅದು ಮೆಲ್ಲಗೆ ಇಳಿಸಿತು. ಪಕ್ಕಕ್ಕೆ ಬಂದು ಕಣ್ಣು ತೆರೆಯಿತು. ಕಣ್ಣು ದೋಣಿಯ ಅಂಚಿನಿಂದ ಒಂದು ಗೇಣು ದೂರ. ಅದು ಉಸಿರು ಬಿಟ್ಟಾಗ ಕೊಳೆತ ಮೀನಿನ ಎಣ್ಣೆಯ ನಾತ ಬಂತು, ಜಟ್ಟುವಿನ ತಲೆಯೆಲ್ಲ ಒದ್ದೆಯಾಯಿತು.

“ನೀನು ಬಡಿಯಲಿಲ್ಲ,” ಎಂದಿತು ತಿಮಿಂಗಿಲ.

“ನಿನಗೆ ನೋವಾಗಿದೆ,” ಎಂದ ಜಟ್ಟು. ಬೋಗುಣಿಯಲ್ಲಿ ನೀರು ತುಂಬಿ ಅದರ ಬೆನ್ನಿಗೆ ಸುರಿದ. ಮತ್ತೆ ತುಂಬಿದ, ಮತ್ತೆ ಸುರಿದ. ತೋಳು ಸೋಲುವ ತನಕ ಸುರಿದ. ಹಕ್ಕಿಗಳು ಬೈದುಕೊಂಡು ಹಾರಿದವು.

“ಎಂತ ತಂದಿದ್ದೀ?”

“ಮಾತು.”

“ಬದಲಿಸಿದ್ದೋ, ಕೇಳಿದ್ದೋ?”

“ಕೇಳಿದ್ದು.”

“ಬದಲಿಸಿದ ಮಾತಿಗೆ ಭಾರ ಇಲ್ಲ,” ಎಂದಿತು. “ಬಲೆಗೆ ಕಟ್ಟುವ ಬೆಂಡಿನ ಹಾಗೆ. ನಿಮ್ಮವರು ಒಬ್ಬೊಬ್ಬರೂ ಬಂದು ಕಿವಿಯಲ್ಲಿ ಬೆಂಡು ತುಂಬಿಸಿ ಹೋದರು. ಹೊಟ್ಟೆಯೆಲ್ಲ ಬೆಂಡು. ಈಗ ನಮಗೆ ಮುಳುಗಲು ಆಗುವುದಿಲ್ಲ. ತಳದ ಮುತ್ತು ಕಾಯುತ್ತಿದ್ದವರು ನಾವು. ಕವಡೆರಾಯನಿಗೆ ಬೇಕಾದದ್ದು ಅದೇ ಮುತ್ತು.”

“ನನ್ನ ಮಾತು ತಗೋ. ಭಾರ ಇದ್ದರೆ ಮುಳುಗು.”

“ನನ್ನ ಕಿವಿ ಬಾಯಿಯವರೆಗೆ ತುಂಬಿದೆ. ಜಾಗ ಇಲ್ಲ. ಕಡಲಜ್ಜಿಯ ಹತ್ತಿರ ಹೋಗು. ಅವಳು ನಮಗೆಲ್ಲ ಹಿರಿಯಳು. ಅವಳ ಒಂದು ಕಿವಿಯಲ್ಲಿ ಇನ್ನೂ ಜಾಗ ಉಂಟು. ಸೂರ್ಯ ಮುಳುಗುವ ದಿಕ್ಕು ಬಿಡಬೇಡ.”

ಜಟ್ಟು ಹಾಯಿ ಎತ್ತಿದ.

ಎಷ್ಟೋ ದೂರ ಹೋದ. ತಂದ ಅವಲಕ್ಕಿ ಮುಗಿಯಿತು. ಮೋಡ ದಪ್ಪವಾಯಿತು. ಒಂದು ಬೆಳಗ್ಗೆ ನೀರು ಕನ್ನಡಿಯ ಹಾಗೆ ನಿಂತುಬಿಟ್ಟಿತ್ತು. ಆ ನೀರಿನಲ್ಲಿ ಎರಡನೆಯ ತಿಮಿಂಗಿಲ ಬಾಯಿ ತೆರೆದು ಮಲಗಿತ್ತು. ಬಾಯಿಯೊಳಗೆ ಬಾಚಣಿಗೆಯ ಹಲ್ಲಿನಂಥ ಹಲ್ಲು. ಅದರ ನಡುವೆ ಒಂದು ಬಿಳಿ ಕವಡೆ.

ತಿಮಿಂಗಿಲ ಏನೂ ಕೇಳಲಿಲ್ಲ. ಕವಡೆ ಮಾತಾಡಿತು. ಸ್ವರ ಹೊನ್ನಿಯದು.

“ಪ್ರಾಣಕಾಂತಾ, ನಿಮ್ಮನ್ನು ಬಿಟ್ಟು ಹೇಗೆ ಹೋಗಲಿ? ಏಳೇಳು ಜನ್ಮಕ್ಕೂ ನೀವೇ ನನ್ನ ಪತಿ. ನಿಮ್ಮ ಪಾದದ ಧೂಳೇ ನನ್ನ ಕುಂಕುಮ.”

ಜಟ್ಟು ಹುಟ್ಟು ಕೆಳಗಿಟ್ಟ. ಅದೇ ಸ್ವರ. ಶೀತ ಹಿಡಿದ ಹಾಗೆ ಸ್ವಲ್ಪ ಒಡೆದ ಸ್ವರ. ಕೊನೆಯ ಅಕ್ಷರ ಎಳೆಯುವ ರೀತಿಯೂ ಅದೇ.

“ಈ ಮಾತನ್ನು ತಗೊಳ್ಳಿ,” ಎಂದಿತು ಕವಡೆ. “ಆ ಗಂಜಿಯ ಮಾತು ಬಿಡಿ. ನಾಲ್ಕು ಜನ ಕೇಳಿದರೆ ಏನಂದಾರು?”

ಜಟ್ಟು ಹೇಳಿದ.

“ಸ್ವರ ಅವಳದೇ. ಮಾತು ಅವಳದಲ್ಲ. ಪ್ರಾಣಕಾಂತ ಅಂತ ಅವಳು ಒಂದು ದಿನ ಕರೆದಿದ್ದರೆ ನಾನು ಮೈಮೇಲೆ ದೆವ್ವ ಬಂದಿದೆ ಅಂತ ಹೆದರಿ ಓಡ್ತಿದ್ದೆ. ಕೋಪ ಬಂದರೆ ‘ಏನ್ರೀ’, ಕೋಪ ಇಲ್ಲದಿದ್ದರೂ ‘ಏನ್ರೀ’. ಅಷ್ಟೇ.”

ಕವಡೆರಾಯನಿಗೆ ಸ್ವರ ಕದಿಯುವುದು ಗೊತ್ತಿತ್ತು. ಮಾತು ಮಾತ್ರ ಯಾರಾದರೂ ತಾವಾಗಿ ಕೊಟ್ಟರೇ ಅವನಿಗೆ ಸಿಗುವುದು.

ಕವಡೆಯನ್ನು ಕೀಳಬೇಕು. ಕಿತ್ತರೆ ತಿಮಿಂಗಿಲ ಬಾಯಿ ಮುಚ್ಚಬಹುದು. ಜಟ್ಟುವಿಗೆ ಗೊತ್ತಿತ್ತು. ಆದರೆ ಅವನ ಕೈ ತಡೆದದ್ದು ಆ ಹೆದರಿಕೆಯಲ್ಲ. ಕಿತ್ತ ಮೇಲೆ ಆ ಸ್ವರ ಇನ್ನು ಈ ಲೋಕದಲ್ಲಿ ಎಲ್ಲಿಯೂ ಇರುವುದಿಲ್ಲ.

ಅವನು ಕೂತ. ಕವಡೆ ಮಾತಾಡುತ್ತಲೇ ಇತ್ತು. ಚಂದ್ರ, ತಾವರೆ, ಹಂಸ ಎಂದೆಲ್ಲ ಹೇಳುತ್ತಿತ್ತು. ಅವನು ಮಾತು ಬಿಟ್ಟು ಸ್ವರ ಮಾತ್ರ ಕೇಳಿದ. ಬಿಸಿಲು ನೆತ್ತಿಯಿಂದ ಭುಜಕ್ಕೆ ಇಳಿಯುವ ತನಕ ಕೇಳಿದ.

ಆಮೇಲೆ ಎದ್ದ. ತಿಮಿಂಗಿಲದ ಬಾಯಿಯೊಳಗೆ ಭುಜದವರೆಗೆ ಕೈ ಹಾಕಿದ. ಹಿಡಿದು ಎಳೆದ. ಕವಡೆ ಬಂತು. ದೋಣಿಯ ಅಂಚಿಗೆ ಕುಟ್ಟಿ ಒಡೆದ.

ಕಡಲು ನಿಶ್ಶಬ್ದವಾಯಿತು.

ತಿಮಿಂಗಿಲ ಅವನ ಕೈ ಹೊರಗೆ ಬರುವ ತನಕ ಬಾಯಿ ಮುಚ್ಚದೆ ಕಾದಿತ್ತು. ಈಗ ಮುಚ್ಚಿತು. ಮತ್ತೆ ತೆರೆಯಿತು.

“ಎಂತ ತಂದಿದ್ದೀ?”

“ಮಾತು.”

“ಬದಲಿಸಿದ್ದೋ, ಕೇಳಿದ್ದೋ?”

“ಕೇಳಿದ್ದು.”

“ಹಾಗಾದರೆ ಬೇಗ ಹೋಗು. ಮುಂದೆ ಬಿಳಿ ಹಡಗು ಉಂಟು. ಅಜ್ಜಿಯನ್ನು ಅದಕ್ಕೆ ಕಟ್ಟಿದ್ದಾನೆ. ಅವನು ಕೊಡುವುದನ್ನು ಮುಟ್ಟಬೇಡ.”

ಜಟ್ಟು ಹುಟ್ಟು ಹಾಕಿದ.

ಮೂರನೆಯದು ತಿಮಿಂಗಿಲವೋ ಗುಡ್ಡವೋ ಎಂದು ಮೊದಲು ತಿಳಿಯಲಿಲ್ಲ. ಅಜ್ಜಿಯ ಬೆನ್ನಿನ ಮೇಲೆ ಪಾಚಿ ಬೆಳೆದಿತ್ತು, ಚಿಪ್ಪು ಬೆಳೆದಿತ್ತು. ಅವಳ ಸುತ್ತ ಕಬ್ಬಿಣದ ಸರಪಳಿ. ಸರಪಳಿಯ ಇನ್ನೊಂದು ತುದಿ ಕವಡೆಯ ಹಡಗಿಗೆ. ಹಡಗು ನೀರಿನಲ್ಲಿ ಆಳಕ್ಕೆ ಕೂತಿತ್ತು. ಅದರ ಹೊಟ್ಟೆಯ ತುಂಬ ಮುಚ್ಚಿದ ಕವಡೆಗಳು, ಒಂದೊಂದರಲ್ಲೂ ಒಂದೊಂದು ನಿಜವಾದ ಮಾತು. ಆ ಭಾರ ಇದ್ದುದರಿಂದಲೇ ಹಡಗು ಗಾಳಿಗೆ ಹಾರದೆ ನಿಂತಿತ್ತು. ಕವಡೆರಾಯ ಸ್ವತಃ ಹಗುರ ಮನುಷ್ಯ. ಹುಟ್ಟಿದ ಲಾಗಾಯ್ತು ಒಂದು ನಿಜ ಹೇಳಿದವನಲ್ಲ. ಗಾಳಿ ಬಂದರೆ ಹಗ್ಗ ಹಿಡಿದುಕೊಳ್ಳಬೇಕಾಗುತ್ತಿತ್ತು.

ಹಡಗಿನ ಅಂಚಿಗೆ ಬಂದು ಅವನು ಕೈ ಮುಗಿದ. ರೇಷ್ಮೆ ಅಂಗಿ, ತೆಳು ಮೀಸೆ, ಸಿಹಿ ನಗೆ.

“ಬಾ ಜಟ್ಟು. ಸೋತಿದ್ದೀ. ಊಟ ಮಾಡು.”

“ಹಸಿವಿಲ್ಲ.”

“ಸುಳ್ಳು. ನನಗಿಂತ ಚೆನ್ನಾಗಿ ಹೇಳ್ತೀಯಲ್ಲ!” ಕವಡೆರಾಯ ನಕ್ಕ. “ಇರಲಿ. ಚೆಂದದ ಮಾತು ನಿನಗೆ ಬೇಡ, ಗೊತ್ತಾಯಿತು. ಬೇರೆ ಒಂದು ಕೊಡ್ತೇನೆ. ಹೊನ್ನಿಯನ್ನೇ ಕೊಡ್ತೇನೆ. ಆ ಗಂಜಿಯ ಮಾತು ಈ ಕವಡೆಯೊಳಗೆ ಹೇಳು. ಅವಳು ದಡದಲ್ಲಿ ತಿರುಗುತ್ತಾಳೆ. ಮನೆಗೆ ನಡೆದು ಬರುತ್ತಾಳೆ. ನೀನು ಹೋಗುವಾಗ ಒಲೆ ಹಚ್ಚಿರುತ್ತಾಳೆ.”

ಜಟ್ಟು ಹಾಯಿಯ ಹಗ್ಗ ಹಿಡಿದು ನಿಂತ.

“ಮುಖ ಕಾಣ್ತದಾ?”

“ಕಾಣ್ತದೆ.”

“ಕರೆದರೆ ಓ ಅಂತಾಳಾ?”

“ಅಂತಾಳೆ.”

“ನಾನು ತಪ್ಪು ಮಾಡಿದರೆ ಬೈತಾಳಾ?”

ಕವಡೆರಾಯ ತಡೆದ. “ಅವಳು ಯಾಕೆ ಬೈಯಬೇಕು? ನಾನು ಹೇಳಿಕೊಟ್ಟ ಮಾತನ್ನಷ್ಟೇ ಆಡ್ತಾಳೆ. ಎಲ್ಲ ಒಳ್ಳೆಯ ಮಾತು. ನಿನ್ನ ಪುಣ್ಯ.”

ಜಟ್ಟು ಹಗ್ಗ ಬಿಟ್ಟ. “ಹಾಗಾದರೆ ಅದು ಅವಳಲ್ಲ. ಅವಳು ದಡದಲ್ಲಿ ಕಾಯ್ತಿದ್ದಾಳೆ. ನನಗೆ ಕೆಲಸ ಉಂಟು,” ಎಂದ. ದೋಣಿಯನ್ನು ಅಜ್ಜಿಯ ಕಡೆ ತಿರುಗಿಸಿದ.

ಕವಡೆರಾಯನ ನಗೆ ಹೋಯಿತು. ಅವನು ಎರಡೂ ಕೈ ಎತ್ತಿದ. ಗಾಳಿ ಎದ್ದಿತು. ಜಟ್ಟುವಿನ ಹಾಯಿ ಹರಿಯಿತು. ಇನ್ನೊಮ್ಮೆ ಕೈ ಎತ್ತಿದ. ಅಲೆ ಎದ್ದಿತು. ಚುಕ್ಕಾಣಿ ಮುರಿಯಿತು. ಮತ್ತೊಮ್ಮೆ ಎತ್ತಿದ. ಗುಡುಗು ಎದ್ದಿತು. ದೋಣಿಯೇ ಮಗುಚಿತು.

ಜಟ್ಟು ಈಜಿದ. ಸರಪಳಿ ಕೈಗೆ ಸಿಕ್ಕಿತು. ಸರಪಳಿ ಹಿಡಿದು ಅಜ್ಜಿಯ ಮೈ ಹತ್ತಿದ. ಚಿಪ್ಪು ತಾಗಿ ಅಂಗೈ ಕೊಯ್ದಿತು, ಮೊಣಕಾಲು ಕೊಯ್ದಿತು. ತೆವಳಿಕೊಂಡು ಹೋದ. ತಿಮಿಂಗಿಲದ ಕಿವಿ ಬಹಳ ಸಣ್ಣದು. ಕಣ್ಣಿನ ಹಿಂದೆ ಒಂದು ಕಡಲೆಕಾಳು ಹಿಡಿಯುವಷ್ಟು ತೂತು. ಒಂದು ಕಿವಿ ತುಂಬಿತ್ತು. ಬೆನ್ನು ದಾಟಿ ಆಚೆಗೆ ಇಳಿದು ಇನ್ನೊಂದನ್ನು ಹುಡುಕಿದ. ಸಿಕ್ಕಿತು.

“ಎಂತ ತಂದಿದ್ದೀ?” ಅಜ್ಜಿಯ ಸ್ವರ ಅವನ ಹೊಟ್ಟೆಯೊಳಗೆ ಕೇಳಿಸಿತು.

“ಮಾತು.”

“ಬದಲಿಸಿದ್ದೋ, ಕೇಳಿದ್ದೋ?”

“ಕೇಳಿದ್ದು.”

“ಹೇಳು ಮಗಾ.”

ಅವನು ಬಾಯಿ ಇಟ್ಟ. ಗುಡುಗಿಗೆ ಮಾತು ಕೇಳಿಸಲಿಲ್ಲ. ಮತ್ತೆ ಹೇಳಿದ. ಅಲೆ ಬಾಯಿಗೆ ಹೊಡೆದು ಮಾತು ಅರ್ಧಕ್ಕೆ ಹೋಯಿತು. ಅವನು ಕಣ್ಣು ಮುಚ್ಚಿದ. ಅಡಿಗೆಮನೆ ಕಂಡಿತು. ಗೋಡೆಗೆ ಒರಗಿದವಳು ಕಂಡಳು. ಕೂಗಲಿಲ್ಲ. ಅವಳು ಹೇಳಿದ ಹಾಗೆಯೇ, ಅಷ್ಟೇ ಮೆಲ್ಲಗೆ, ಅಷ್ಟೇ ಸುಸ್ತಾಗಿ ಹೇಳಿದ.

“ಗಂಜಿಗೆ ಉಪ್ಪು ಹಾಕಿಲ್ಲ. ನೀವೇ ಹಾಕ್ಕೊಳ್ಳಿ.”

ಅಜ್ಜಿ ಕೇಳಿದಳು.

“ಹಾಕ್ಕೊಂಡ್ಯಾ?”

“ಇಲ್ಲ. ಆವತ್ತು ನಾನು ಉಣ್ಣಲಿಲ್ಲ.”

“ಹೂಂ,” ಎಂದಳು ಅಜ್ಜಿ. “ಸಾಯುವ ಹೊತ್ತಿನಲ್ಲೂ ನೀನು ಸಪ್ಪೆ ಉಣ್ಣಬಾರದು ಅಂತ ಇತ್ತಲ್ಲ ಅವಳಿಗೆ. ಭಾರ ಉಂಟು ಮಗಾ. ಬಹಳ ಭಾರ ಉಂಟು.”

ಅವಳ ತಲೆ ಕೆಳಗೆ ಹೋಗತೊಡಗಿತು. ಒಂದು ವರ್ಷದ ಮೇಲೆ ಮೊದಲ ಸಲ. ನೀರು ಜಟ್ಟುವಿನ ಸೊಂಟಕ್ಕೆ ಬಂತು. ಅವನು ಚಿಪ್ಪು ಬಿಗಿಯಾಗಿ ಹಿಡಿದುಕೊಂಡ. ಹಾಗೇ ಹೋಗಿಬಿಡೋಣ ಎನಿಸಿತು. ತಳ, ಬಾಗಿಲು, ಹೊನ್ನಿ.

“ಬಿಡು,” ಎಂದಳು ಅಜ್ಜಿ. “ನಾನು ಒಯ್ಯುವುದು ಮಾತು. ಮನುಷ್ಯರನ್ನಲ್ಲ.”

ಅವನು ಬಿಡಲಿಲ್ಲ.

“ಬಿಡು ಜಟ್ಟು.”

ಅವನು ಬಿಟ್ಟ.

ಅಜ್ಜಿ ಬಾಲ ಎತ್ತಿದಳು. ಬಾಲ ಆಕಾಶಕ್ಕೆ ಅಡ್ಡವಾಗಿ ನಿಂತಿತು, ಇಳಿಯಿತು. ಸರಪಳಿ ಬಿಗಿಯಿತು. ಕವಡೆಯ ಹಡಗು ಕಿರುಚಿತು, ಬಾಗಿತು, ಎರಡಾಗಿ ಒಡೆಯಿತು. ಅದರ ಹೊಟ್ಟೆಯಿಂದ ಕವಡೆಗಳು ಸುರಿದವು. ನೀರು ತಾಗಿದ ಕೂಡಲೇ ಒಂದೊಂದಾಗಿ ಬಾಯಿ ಬಿಟ್ಟವು. ಕಡಲೆಲ್ಲ ಮಾತಾಯಿತು.

“ಕರು ಕಟ್ಟಿದ್ಯಾ?”

“ದೀಪ ಸ್ವಲ್ಪ ಸಣ್ಣ ಮಾಡು.”

“ಆ ಬೆಕ್ಕನ್ನು ಹೊರಗೆ ಹಾಕೇ.”

“ಇವತ್ತು ಯಾವ ವಾರ?”

“ಮಂಕಾಳಿ, ನಿನ್ನ ಅಂಗಿ ಹರಿದಿದೆಯಲ್ಲೋ, ಪೆದ್ದ.”

“ರಾಜನಾದರೇನು, ಮಗನಲ್ವಾ ನೀನು? ಬಾ, ಸ್ವಲ್ಪ ಬೆನ್ನು ತುರಿಸು.”

ಮುದುಕರ ಸ್ವರ, ಮಕ್ಕಳ ಸ್ವರ, ಬಾಣಂತಿಯರ ಸ್ವರ. ಒಂದರಲ್ಲೂ ತಾವರೆ ಇರಲಿಲ್ಲ, ಹಂಸ ಇರಲಿಲ್ಲ. ಒಂದೊಂದು ಮಾತೂ ಕಲ್ಲಿನ ಹಾಗೆ ನೇರ ತಳಕ್ಕೆ ಇಳಿಯಿತು. ದೂರದಲ್ಲಿ ಹೊರಳುತ್ತಿದ್ದ ತಿಮಿಂಗಿಲಗಳು ಅದನ್ನು ಕೇಳಿದವು. ಅವುಗಳ ಕಿವಿಯಿಂದ ಬೆಂಡುಗಳು ಚಿಮ್ಮಿ ಹಾರಿದವು. ಅವು ಮಾತುಗಳನ್ನು ಹಿಡಿದುಕೊಂಡು ಮುಳುಗಿದವು. ಒಂದರ ಹಿಂದೆ ಒಂದು ಬಾಲ, ಕಣ್ಣು ಹೋದಷ್ಟು ದೂರ.

ಕವಡೆರಾಯ ಹಿಡಿದುಕೊಳ್ಳಲು ಏನನ್ನೋ ಹುಡುಕಿದ. ಏನೂ ಸಿಗಲಿಲ್ಲ. ಅವನನ್ನು ಕೆಳಗಿಡುವಷ್ಟು ಭಾರ ಅವನಲ್ಲಿ ಇರಲಿಲ್ಲ. ಅವನೇ ಎಬ್ಬಿಸಿದ ಗಾಳಿ ಅವನನ್ನು ಎತ್ತಿತು. ಸಣ್ಣದಾದ, ಚುಕ್ಕೆಯಾದ, ಇಲ್ಲವಾದ. ಗಾಳಿ ನಿಂತಿತು.

ಜಟ್ಟು ಮಗುಚಿದ ದೋಣಿ ಹಿಡಿದು ತೇಲುತ್ತಿದ್ದ. ಹರೆಯದ ತಿಮಿಂಗಿಲ ಬಂತು. ಬೆನ್ನಿನ ಬಿರುಕು ಕೂಡಿತ್ತು. ಮೂತಿಯಿಂದ ದೋಣಿಯನ್ನು ನೆಟ್ಟಗೆ ಮಾಡಿತು.

“ಹಾಯಿ ಇಲ್ಲ, ಚುಕ್ಕಾಣಿ ಇಲ್ಲ,” ಎಂದಿತು. “ಹೇಗೆ ಹೋಗ್ತೀ?”

“ಕೈ ಉಂಟು.”

“ಹಟಮಾರಿ! ಸುಮ್ಮನೆ ಕೂತುಕೋ,” ಎಂದು ದೋಣಿಯನ್ನು ಗಾಳಿಗಿಂತ ವೇಗವಾಗಿ ತಳ್ಳಿಕೊಂಡು ಹೊರಟಿತು.

ದಡ ಕಾಣುವಾಗ ಸಂಜೆಯ ಬಿಸಿಲು ಇನ್ನೂ ಇತ್ತು. ಸಾಲು ಚಲಿಸುತ್ತಿತ್ತು. ಸತ್ತವರು ಒಬ್ಬೊಬ್ಬರಾಗಿ ನೀರಿಗೆ ಇಳಿಯುತ್ತಿದ್ದರು. ಕರಗಿದ ಕಾಲು ಮತ್ತೆ ಬಂದಿತ್ತು. ಸೊಂಟ ಬಂದಿತ್ತು. ಅವರು ಕಡಲಿನ ಕಡೆ ನಡೆಯುತ್ತಿದ್ದರು, ಜಟ್ಟು ಕಡಲಿನಿಂದ ಬರುತ್ತಿದ್ದ. ಈಗ ಬೆನ್ನು ಕಾಣಲಿಲ್ಲ. ಎದುರಿನಿಂದ ಎಲ್ಲರ ಮುಖ ಕಾಣುತ್ತಿತ್ತು.

ರಾಜನ ತಾಯಿ ಹೋದಳು. ಮಂಕಾಳಿಯ ಅಪ್ಪ ಹೋದ. ಹೊನ್ನಿ ಬಂದಳು.

ದೋಣಿಯ ಪಕ್ಕದಲ್ಲೇ ಬಂದಳು. ಹಣೆ, ಮೂಗುಬೊಟ್ಟು, ಗಲ್ಲದ ಮೇಲಿನ ಸುಟ್ಟ ಕಲೆ, ಎಲ್ಲ ಅದೇ. ನಾಲ್ಕು ಜನರ ಎದುರು ಗಂಡನನ್ನು ಮಾತಾಡಿಸುವ ಅಭ್ಯಾಸ ಅವಳಿಗೆ ಇರಲಿಲ್ಲ. ಈಗಲೂ ಮಾತಾಡಿಸಲಿಲ್ಲ. ಅವನ ಕೊಯ್ದ ಅಂಗೈಯನ್ನು ಒಮ್ಮೆ ನೋಡಿದಳು. ಹುಬ್ಬು ಗಂಟಿಕ್ಕಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಹೋದಳು. ನೀರು ಅವಳ ಭುಜಕ್ಕೆ ಬಂತು, ತುರುಬಿಗೆ ಬಂತು. ಅಷ್ಟೇ.

ಜಟ್ಟು ಕರೆಯಲಿಲ್ಲ. ದೋಣಿಯಲ್ಲಿ ಎದ್ದು ನಿಂತು ನೋಡಿದ.

ದಡದಲ್ಲಿ ಊರೇ ನಿಂತಿತ್ತು. ಎಲ್ಲರಿಗೂ ಮರೆತದ್ದು ನೆನಪಾಗಿತ್ತು. ಮಂಕಾಳಿ ತನ್ನ ಹರಿದ ಅಂಗಿಯನ್ನು ಹಿಡಿದುಕೊಂಡು ನಗುತ್ತಿದ್ದ, ಅಳುತ್ತಿದ್ದ. “ಪೆದ್ದ ಅಂದಿದ್ದ ಮಾರಾಯ, ನನ್ನ ಅಪ್ಪ ಕೊನೆಗೂ ಪೆದ್ದ ಅಂದಿದ್ದ!” ಎಂದು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದ. ರಾಜ ಕೊಡೆ ಬಿಸಾಡಿ ಮರಳಿನಲ್ಲಿ ಕೂತಿದ್ದ. ಅವನ ಕೈ ಬೆರಳು ಸುಮ್ಮನೆ ಗಾಳಿಯಲ್ಲಿ ತುರಿಸುತ್ತಿತ್ತು.

ಅಂದಿನಿಂದ ಅಳಿವೆಪುರದಲ್ಲಿ ಯಾರೂ ಮಾತು ಬದಲಿಸಲಿಲ್ಲ. ತಿಮಿಂಗಿಲಗಳು ದೋಣಿಯ ಪಕ್ಕದಲ್ಲಿ ಆಡಿದವು, ಬೋಗುಣಿಗಳು ಅಡಿಗೆಮನೆಗೆ ಹೋದವು. ಮಳೆ ಹೊತ್ತಿಗೆ ಸರಿಯಾಗಿ ಬಂತು, ಬಲೆ ತುಂಬ ಮೀನು ಬಂತು, ಇದ್ದವರು ಇದ್ದಲ್ಲಿ, ಹೋದವರು ಹೋದಲ್ಲಿ ನೆಮ್ಮದಿಯಾಗಿದ್ದರು. ಜಟ್ಟು ಕೂಡ ಹಾಗೇ ಇದ್ದ. ಅವನಿಗೆ ಆ ನೆಮ್ಮದಿ ಒಂದೇ ದಿನಕ್ಕೆ ಬಂದದ್ದಲ್ಲ. ಮೊದಲ ದಿನದ್ದು ಮಾತ್ರ ಹೇಳಿ ಮುಗಿಸುತ್ತೇನೆ.

ಮರುದಿನ ಬೆಳಗ್ಗೆ ಅವನು ಬೇಗ ಎದ್ದ. ಅಂಗೈಗೆ ಬಟ್ಟೆ ಸುತ್ತಿಕೊಂಡ. ಸತ್ತವರು ನಿಂತಿದ್ದ ಗೆರೆ ಖಾಲಿಯಾಗಿತ್ತು, ಮರಳು ಸಮವಾಗಿತ್ತು. ಅಲ್ಲೇ ದಡದಲ್ಲಿ ಬೀಸುಬಲೆ ಹಾಕಿ ಒಂದು ಬುಟ್ಟಿ ಬೂತಾಯಿ ಮೀನು ಹಿಡಿದ. ಆ ರಾಜ್ಯದಲ್ಲಿ ಮೀನು ಹಿಡಿಯುವುದು ಗಂಡಸರು, ಪೇಟೆಯಲ್ಲಿ ಮಾರುವುದು ಹೆಂಗಸರು. ಗಂಡಸು ಬುಟ್ಟಿ ಹೊತ್ತದ್ದು ಯಾರೂ ಕಂಡಿರಲಿಲ್ಲ. ಜಟ್ಟು ಹಳೆ ಪಂಚೆ ಸುತ್ತಿ ಸಿಂಬಿ ಮಾಡಿ ತಲೆಯ ಮೇಲೆ ಇಟ್ಟ, ಅದರ ಮೇಲೆ ಬುಟ್ಟಿ ಇಟ್ಟ, ಪೇಟೆಗೆ ನಡೆದ.

ಮೀನುಪೇಟೆಯಲ್ಲಿ ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು.

“ಎಂತ ಜಟ್ಟಣ್ಣ, ಹಾಗೇ ಒಂದು ಸೀರೆಯನ್ನೂ ಉಟ್ಟು ಬರಬಾರದಿತ್ತಾ?”

“ಜಾಗ ಬಿಡಿ,” ಎಂದ ಜಟ್ಟು.

ನಗು ನಿಂತಿತು. ಇಬ್ಬರು ಹೆಂಗಸರು ಅತ್ತ ಇತ್ತ ಸರಿದರು. ಹೊನ್ನಿ ಕೂರುತ್ತಿದ್ದ ಕಡೆ ಅವನು ಬುಟ್ಟಿ ಇಳಿಸಿದ, ಕುಕ್ಕರಗಾಲಿನಲ್ಲಿ ಕೂತ, ಮೀನಿನ ಮೇಲೆ ನೀರು ಚಿಮುಕಿಸಿದ, ತಲೆ ಎತ್ತಿ ಕೂಗಿದ.

“ಬೂತಾಯ್! ಹಸಿ ಬೂತಾಯ್!”